ಅಮ್ಮ, ಚಿಕ್ಕಮ್ಮನ ಜೊತೆ ಮೈಸೂರಲ್ಲಿ ಎರಡು ದಿನ: ಸೀರೆ, ದೋಸೆ, ಎಣ್ಣೆ ಮಸಾಜ್‌ಗೆ ಎಲ್ಲಿಗೆ ಹೋಗಲಿ?

ದಾವಣಗೆರೆ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ಮೊನ್ನೆ ಟೀಚರ್ ಕೆಲಸದಿಂದ ರಿಟೈರ್ ಆದರು. ಇಷ್ಟು ವರ್ಷ ಶಾಲೆ, ಮನೆ, ನಮ್ಮ ಓದು, ನಮ್ಮ ಮದುವೆ ಅಂತ ಓಡಾಡಿದ್ದೇ ಆಯಿತು, ತನಗೋಸ್ಕರ ಅಂತ ಎಲ್ಲಿಗೂ ಹೋದವರಲ್ಲ. ಅಮ್ಮ ಮತ್ತು ಚಿಕ್ಕಮ್ಮ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಶುಕ್ರವಾರ ರಾತ್ರಿ ತಲುಪುತ್ತೇವೆ, ಸೋಮವಾರ ಬೆಳಿಗ್ಗೆ ವಾಪಸ್.

ಅರಮನೆ, ಝೂ, ಬೃಂದಾವನ ಯಾವುದೂ ಬೇಡ. ಅದನ್ನೆಲ್ಲ ಅಮ್ಮ ಶಾಲೆ ಮಕ್ಕಳ ಜೊತೆ ನೋಡಿದ್ದಾರೆ, ಮಕ್ಕಳ ತಲೆ ಎಣಿಸೋದರಲ್ಲೇ ಆ ಪ್ರವಾಸಗಳು ಮುಗಿದು ಹೋಗುತ್ತಿದ್ದವಂತೆ. ಈ ಸಲ ಆರಾಮಾಗಿ ಅಂಗಡಿ ಸುತ್ತಬೇಕು, ಚೆನ್ನಾಗಿ ತಿನ್ನಬೇಕು, ಯಾರಾದರೂ ಅವರ ತಲೆಗೆ, ಮೈಗೆ ಎಣ್ಣೆ ಹಚ್ಚಿ ನೀವಬೇಕು. ಅಷ್ಟೇ ಪ್ಲಾನ್.

ಒಂದು ಮೈಸೂರು ರೇಷ್ಮೆ ಸೀರೆ ಕೊಡಿಸೋದು ಖಂಡಿತ, ಅದಕ್ಕೆ ದುಡ್ಡು ಬೇರೆ ಎತ್ತಿಟ್ಟಿದ್ದೇನೆ. ಚಿಕ್ಕಮ್ಮನಿಗೆ ಸೀರೆಗಿಂತ ಮಾರ್ಕೆಟ್ ಇಷ್ಟ, ಹೂವು, ತರಕಾರಿ, ಪಾತ್ರೆ ಅಂಗಡಿ ಸಿಕ್ಕರೆ ಅರ್ಧ ದಿನ ಅಲ್ಲೇ ಇರುತ್ತಾರೆ. ಅಮ್ಮ ಶುದ್ಧ ಸಸ್ಯಾಹಾರಿ, ಚಿಕ್ಕಮ್ಮ ಮಟನ್ ತಿನ್ನುತ್ತಾರೆ. ಅಮ್ಮನಿಗೆ ಮಂಡಿ ನೋವಿದೆ, ಜಾಸ್ತಿ ಹೊತ್ತು ನಿಲ್ಲೋದಕ್ಕೆ ಆಗಲ್ಲ. ನೀವು ನಿಮ್ಮ ಮನೆಯವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರೋ ಅದನ್ನೇ ಹೇಳಿ, ವೆಬ್‌ಸೈಟುಗಳಲ್ಲಿ ಬರುವ ಪಟ್ಟಿ ನೋಡಿ ನೋಡಿ ಸಾಕಾಗಿದೆ.

ನಜರಬಾದ್_ನಿವಾಸಿ

ಮೊದಲು ಅಮ್ಮನಿಗೆ ಅಭಿನಂದನೆ ಹೇಳಿ. ನಾನು ಹುಟ್ಟಿದ್ದು ಬೆಳೆದಿದ್ದು ಎಲ್ಲ ಇಲ್ಲೇ. ನನ್ನ ಕಡೆಯಿಂದ ಒಂದೇ ಮಾತು, ಮೈಸೂರಿನಲ್ಲಿ ಬೆಳಗಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಇಲ್ಲಿನ ಒಳ್ಳೆಯ ದೋಸೆ, ಒಳ್ಳೆಯ ಹೂವು, ನಡೆಯೋಕೆ ಖಾಲಿ ಇರುವ ಫುಟ್‌ಪಾತು ಎಲ್ಲ ಸಿಗೋದು ಹತ್ತು ಗಂಟೆ ಒಳಗೆ. ಬೆಂಗಳೂರಿನಿಂದ ಬಂದವರು ಹತ್ತಕ್ಕೆ ಏಳುತ್ತಾರೆ, ಹನ್ನೊಂದಕ್ಕೆ ಹೊರಡುತ್ತಾರೆ, ಬಿಸಿಲಲ್ಲಿ ಕ್ಯೂ ನಿಂತು ಮೈಸೂರಲ್ಲಿ ಏನಿದೆ ಅಂತ ಕೇಳುತ್ತಾರೆ. ಬೇಗ ಎದ್ದು ಹೊರಡಿ, ಮಧ್ಯಾಹ್ನ ಊಟ ಮಾಡಿ ರೂಮಿಗೆ ವಾಪಸ್ ಹೋಗಿ ಎರಡು ಗಂಟೆ ಮಲಗಿ, ಸಂಜೆ ಮತ್ತೆ ಹೊರಗೆ ಬನ್ನಿ. ಅಮ್ಮನ ಮಂಡಿಗೂ ಇದೇ ಸರಿ.

ದೇವರಾಜ ಮಾರ್ಕೆಟ್‌ಗೆ ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿ. ಕೆ.ಆರ್. ಸರ್ಕಲ್ ಮತ್ತು ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದರೆ ಹಣ್ಣು, ಹೂವು, ಕುಂಕುಮದ ಸಾಲು ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಕುಂಕುಮ, ರಂಗೋಲಿ ಬಣ್ಣವನ್ನು ಗೋಪುರದ ಹಾಗೆ ಪೇರಿಸಿಟ್ಟಿರುತ್ತಾರಲ್ಲ, ಫೋಟೊಗಳಲ್ಲಿ ನೋಡಿರುತ್ತೀರಿ, ಅದು ಇಲ್ಲಿಯದೇ. 2016ರಲ್ಲಿ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿಯಿತು. ಆಮೇಲೆ ಕಟ್ಟಡ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ ನಡೆದಿದೆ. ಹಾಗೆಯೇ ಉಳಿಯಲಿ ಅನ್ನೋದು ನನ್ನಂಥವರ ಆಸೆ, ಅದಕ್ಕೇ ಯಾರೇ ಬಂದರೂ ಮೊದಲು ಅಲ್ಲಿಗೆ ಕಳಿಸುತ್ತೇನೆ.

ಚಿಕ್ಕಮ್ಮನಿಗೆ ಹೇಳಿ: ಮೈಸೂರು ವೀಳ್ಯದೆಲೆ ಒಂದು ಕಟ್ಟು ತೆಗೆದುಕೊಳ್ಳಲಿ, ಬಾಯಲ್ಲಿ ಹಾಕಿದರೆ ಮೆತ್ತಗೆ ಕರಗುತ್ತದೆ, ನಾರು ಸಿಗಲ್ಲ. ಬೇಸಿಗೆಯಲ್ಲಿ ಬಂದರೆ ಮೈಸೂರು ಮಲ್ಲಿಗೆ ರಾಶಿ ರಾಶಿ ಇರುತ್ತದೆ. ಮೊಗ್ಗು ಇರುವಾಗಲೇ ಕೊಂಡರೆ ಸಂಜೆ ಮುಡಿದ ಮೇಲೆ ಅರಳುತ್ತದೆ. ನಂಜನಗೂಡು ರಸಬಾಳೆ ಕೇಳಿದರೆ ಎಲ್ಲರೂ ಇದೇ ರಸಬಾಳೆ ಅಂತ ಕೊಡುತ್ತಾರೆ, ಆದರೆ ಪನಾಮ ರೋಗ ಬಂದು ಅದರ ತೋಟಗಳೇ ಕಮ್ಮಿಯಾಗಿವೆ. ಪರಿಚಯ ಇಲ್ಲದೆ ಜಾಸ್ತಿ ದುಡ್ಡು ಕೊಡಬೇಡಿ. ಪಾತ್ರೆ, ದೀಪ, ಪೂಜೆ ಸಾಮಾನಿಗೆ ಅಶೋಕ ರಸ್ತೆ ಕಡೆ ಹೋಗಿ. ದಿನಕ್ಕೆ ಉಡೋ ಬಟ್ಟೆಗೆ ಮನ್ನಾರ್ಸ್ ಮಾರ್ಕೆಟ್ ಇದೆ, ಚೌಕಾಸಿ ಮಾಡೋಕೆ ಬಂದರೆ ಲಾಭ. ದೇವರಾಜ ಅರಸು ರಸ್ತೆಯಲ್ಲಿ ಈಗ ಎಲ್ಲ ಊರಲ್ಲೂ ಇರುವ ಬ್ರ್ಯಾಂಡ್ ಅಂಗಡಿಗಳೇ ಜಾಸ್ತಿ, ಅದಕ್ಕೆ ಮೈಸೂರಿಗೆ ಬರಬೇಕಾಗಿಲ್ಲ.

ತಿಂಡಿಗೆ ನಮ್ಮ ನಜರಬಾದಿನ ಮೈಲಾರಿ. ಇದಕ್ಕೆ ಎರಡನೇ ಮಾತಿಲ್ಲ.

ರೇಷ್ಮೆ_ಸೆರಗು

ಸೀರೆ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಮೈಸೂರು ಸಿಲ್ಕ್ ಸೀರೆಗಳಿವೆ, ಅಜ್ಜಿಯದನ್ನು ನಾನು ಈಗಲೂ ಉಡುತ್ತೇನೆ.

ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ನಿಗಮದ ಅಂಗಡಿಯಲ್ಲೇ ತೆಗೆದುಕೊಳ್ಳಿ, ಬೇರೆ ಎಲ್ಲೂ ಬೇಡ. ಮಾನಂದವಾಡಿ ರಸ್ತೆಯಲ್ಲಿ ಕಾರ್ಖಾನೆ ಇದೆ, ಅದರ ಆವರಣದಲ್ಲೇ ಮಳಿಗೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾಗಿದ್ದು, ಮೊದಲು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಅರಮನೆಯವರಿಗೆ ನೇಯುತ್ತಿದ್ದರು. ಶನಿವಾರವೇ ಹೋಗಿ, ಭಾನುವಾರ ಕಾರ್ಖಾನೆ ರಜೆ. ಒಳಗೆ ನೋಡೋಕೆ ಬಿಡುವ ದಿನವಾದರೆ ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ, ಫೋಟೊ ಮಾತ್ರ ತೆಗೆಯುವ ಹಾಗಿಲ್ಲ. ನೂಲನ್ನು ಹುರಿ ಮಾಡೋದರಿಂದ ಹಿಡಿದು ಬಣ್ಣ ಹಾಕೋವರೆಗೂ ಎಲ್ಲ ಅಲ್ಲೇ ಕಾಣುತ್ತದೆ. ಆ ಹುರಿ ಇರೋದರಿಂದಲೇ ಬಟ್ಟೆ ಮೈಗೆ ಜಾರಿ ಕೂರುತ್ತದೆ, ಕಾಂಚೀಪುರದ ಹಾಗೆ ದಪ್ಪಗೆ ನಿಲ್ಲಲ್ಲ. ಟೀಚರ್ ಆಗಿದ್ದವರಿಗೆ ದಿನವೂ ಸೀರೆ ಉಟ್ಟು ಅಭ್ಯಾಸ, ಮುಟ್ಟಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ ನೋಡಿ.

ಬೆಲೆ ಜಾಸ್ತಿ, ಅದು ನಿಜ. ಝರಿ ಸೀರೆ ಅಂದರೆ 20 ಸಾವಿರದ ಮೇಲೇ ಮಾತು. ಝರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆ, ಚಿನ್ನ ಬೆಳ್ಳಿ ಏರಿದ ಹಾಗೆ ಸೀರೆಯೂ ಏರುತ್ತದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆ, ಹೊಲೊಗ್ರಾಮ್ ಇರುತ್ತದೆ, ಬಿಲ್ ಹಾಕಿಸುವಾಗ ಅಲ್ಲೇ ನೋಡಿಕೊಳ್ಳಿ. ಈಚೆಗೆ ಬೇಡಿಕೆ ವಿಪರೀತ. ಹೊಸ ಸ್ಟಾಕ್ ಬಂದ ದಿನ ಜನ ಬಾಗಿಲು ತೆಗೆಯೋ ಮೊದಲೇ ಕ್ಯೂ ನಿಲ್ಲುತ್ತಾರೆ. ಅದಕ್ಕೇ ಹಿಂದಿನ ದಿನವೇ ಫೋನ್ ಮಾಡಿ ಏನಿದೆ ಅಂತ ಕೇಳಿ, ನೀವು ಕ್ಯೂನಲ್ಲಿ ನಿಂತುಕೊಳ್ಳಿ, ಅಮ್ಮ ಕಾರಿನಲ್ಲಿ ಕೂತಿರಲಿ. ಕಾರ್ಖಾನೆ ಮಳಿಗೆಯಲ್ಲಿ ಮನಸ್ಸಿಗೆ ಬಂದ ಬಣ್ಣ ಸಿಗದಿದ್ದರೆ ಕೆ.ಆರ್. ಸರ್ಕಲ್ ಹತ್ತಿರದ ಮಳಿಗೆಯನ್ನೂ ನೋಡಿ. ಚಿಕ್ಕಮ್ಮನಿಗೆ ಸೀರೆ ಬೇಡ ಅಂದರೂ ಏನಾದರೂ ಕೊಡಿಸಬೇಕು ಅನಿಸಿದರೆ ಸ್ಟೋಲು, ದುಪಟ್ಟಾ ನೋಡಬಹುದು.

ಒಂದು ಎಚ್ಚರಿಕೆ. ರೈಲ್ವೆ ಸ್ಟೇಷನ್, ಅರಮನೆ ಹತ್ತಿರ ಕೆಲವು ಆಟೋದವರು ಫ್ಯಾಕ್ಟರಿ ರೇಟಿಗೆ ಸಿಲ್ಕ್ ಕೊಡಿಸುತ್ತೇನೆ ಅಂತ ಯಾವುದೋ ಎಂಪೋರಿಯಮ್‌ಗೆ ಕರೆದುಕೊಂಡು ಹೋಗುತ್ತಾರೆ. ಅವರಿಗೆ ಕಮಿಷನ್ ಸಿಗುತ್ತದೆ, ನಿಮಗೆ ಮೈಸೂರು ಸಿಲ್ಕ್ ಸಿಗಲ್ಲ. ನೇರವಾಗಿ ಕೆಎಸ್‌ಐಸಿ, ಮಾನಂದವಾಡಿ ರಸ್ತೆ ಅಂತ ಹೇಳಿ ಹತ್ತಿ.

ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಬೇಡಿ. ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸುತ್ತಿರಿ, ಇಲ್ಲದಿದ್ದರೆ ಝರಿ ಮಡಿಕೆಯಲ್ಲೇ ಬಿಟ್ಟುಕೊಳ್ಳುತ್ತದೆ.

ಊಟಕ್ಕಿಲ್ಲಿ_ಬನ್ನಿ

ನಜರಬಾದ್ ಅವರೇ, ಎರಡನೇ ಮಾತು ಇದೆ, ನಾನು ಹೇಳುತ್ತೇನೆ ಕೇಳಿ.

ಇವರು ದಾವಣಗೆರೆ ಕಡೆಯವರು. ಬೆಣ್ಣೆ ದೋಸೆ ಅಂದರೆ ಅವರಿಗೆ ಗರಿಗರಿಯಾಗಿರಬೇಕು, ಮೇಲೆ ಬೆಣ್ಣೆ ಉಂಡೆ ಕೂತಿರಬೇಕು, ಪಕ್ಕದಲ್ಲಿ ಬಿಳೀ ಆಲೂಗಡ್ಡೆ ಪಲ್ಯ. ಮೈಲಾರಿ ದೋಸೆ ಪೂರ್ತಿ ಮೆತ್ತಗೆ, ಬಾಯಲ್ಲಿ ಇಟ್ಟರೆ ಹಾಗೇ ಕರಗೋದು, ಒಳಗೆ ಸಾಗು, ಜೊತೆಗೆ ಕಾಯಿ ಚಟ್ನಿ. ಎರಡೂ ಬೆಣ್ಣೆ ದೋಸೆಯೇ ಆದರೂ ತಿನ್ನೋ ಕ್ರಮವೇ ಬೇರೆ. ಅಮ್ಮನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಆಗ ಅದರ ರುಚಿ ಹತ್ತುತ್ತದೆ. ಬಿಸಿ ಇರುವಾಗಲೇ ತಿನ್ನಬೇಕು, ಪಾರ್ಸೆಲ್ ಮಾಡಿಸಿದರೆ ಸತ್ತೇ ಹೋಗುತ್ತದೆ. ನಜರಬಾದಿನಲ್ಲಿ ಹತ್ತಿರ ಹತ್ತಿರವೇ ಎರಡು ಮೈಲಾರಿ ಇವೆ, ಯಾವುದು ಅಸಲಿ ಅನ್ನೋ ಜಗಳಕ್ಕೆ ನಾನು ಹೋಗಲ್ಲ, ಎರಡರಲ್ಲೂ ತಿಂದಿದ್ದೇನೆ, ಎರಡೂ ಇಷ್ಟ. ಭಾನುವಾರ ಮಾತ್ರ ಬೇಡ, ನಿಲ್ಲೋಕೆ ಜಾಗ ಇರಲ್ಲ, ಅಮ್ಮನಿಗೆ ಕಷ್ಟ. ಶನಿವಾರ ಏಳೂವರೆಗೆ ಹೋಗಿ.

ಭಾನುವಾರಕ್ಕೆ ಚಾಮುಂಡಿಪುರಂನ ಜಿಟಿಆರ್, ಅಂದರೆ ಗಾಯತ್ರಿ ಟಿಫಿನ್ ರೂಮ್. ಅಲ್ಲಿ ಮಸಾಲೆ ದೋಸೆ ಹೊರಗೆ ಕೆಂಪಗೆ, ಒಳಗೆ ಕೆಂಪು ಚಟ್ನಿ, ಆಲೂ ಪಲ್ಯ. ನನ್ನನ್ನು ಕೇಳಿದರೆ ಮೈಸೂರಿನ ಮಸಾಲೆ ದೋಸೆ ಅಂತ ಹೊರಗಿನವರಿಗೆ ತೋರಿಸಬೇಕಾದ್ದು ಇದನ್ನೇ. ಅಲ್ಲೂ ಜನ ಇರುತ್ತಾರೆ, ಆದರೆ ಬೆಳಿಗ್ಗೆ ಬೇಗ ಹೋದರೆ ಟೇಬಲ್ ಸಿಗುತ್ತದೆ. ಬಲ್ಲಾಳ್ ಸರ್ಕಲ್‌ನ ಮಹೇಶ್ ಪ್ರಸಾದ್ ಕೂಡ ಒಳ್ಳೆಯದು, ಅಲ್ಲಿ ಆರಾಮಾಗಿ ಕೂತು ತಿನ್ನಬಹುದು.

ಚಿಕ್ಕಮ್ಮನ ಮಟನ್‌ಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್. 1930ರಿಂದ ಇದೆ. ಎಲೆಯ ಮೇಲೆ ಮಟನ್ ಪಲಾವ್ ಹಾಕಿಕೊಡುತ್ತಾರೆ. ಸಣ್ಣ ಅಕ್ಕಿ, ಹಸಿರು ಮಸಾಲೆ ವಾಸನೆ, ಬಿರಿಯಾನಿ ಥರ ಎಣ್ಣೆ ಎಣ್ಣೆ ಅಲ್ಲ. ಮಧ್ಯಾಹ್ನ ತಡ ಮಾಡಿದರೆ ಖಾಲಿ. ಜಾಗ ಸಣ್ಣದು, ಅದಕ್ಕೇ ಅಮ್ಮನನ್ನು ಅಲ್ಲಿ ಕೂರಿಸಬೇಡಿ. ನಿಮ್ಮಲ್ಲಿ ಒಬ್ಬರು ಚಿಕ್ಕಮ್ಮನ ಜೊತೆ ಹೋಗಿ ಬನ್ನಿ, ಅಷ್ಟು ಹೊತ್ತು ಅಮ್ಮ ರೂಮಿನಲ್ಲಿ ಮಲಗಿರಲಿ. ಇಬ್ಬರೂ ಒಂದೇ ಟೇಬಲ್‌ನಲ್ಲಿ ಉಣ್ಣಬೇಕು ಅಂದರೆ ಗಾಂಧಿ ಸ್ಕ್ವೇರ್‌ನ ಆರ್‌ಆರ್‌ಆರ್. ಬಾಳೆ ಎಲೆ ಮೇಲೆ ಆಂಧ್ರ ಊಟ, ಪಪ್ಪು, ಪುಡಿ, ತುಪ್ಪ. ಪಕ್ಕದವರು ಮಾಂಸ ತಿನ್ನೋದು ಅಮ್ಮನಿಗೆ ಪರವಾಗಿಲ್ಲವಾದರೆ ಮಾತ್ರ.

ಮೈಸೂರು ಪಾಕ್ ಕೊನೇ ದಿನ ಕೊಳ್ಳಿ, ಮೊದಲ ದಿನ ಕೊಂಡು ಬಿಸಿಲಲ್ಲಿ ಹೊತ್ತು ತಿರುಗಬೇಡಿ. ಸಯ್ಯಾಜಿ ರಾವ್ ರಸ್ತೆಯ ಗುರು ಸ್ವೀಟ್ಸ್, ದೇವರಾಜ ಮಾರ್ಕೆಟ್ ಕಟ್ಟಡದಲ್ಲೇ ಇದೆ. ನಾಲ್ವಡಿಯವರ ಅರಮನೆ ಅಡುಗೆಮನೆಯಲ್ಲಿ ಮೈಸೂರು ಪಾಕ್ ಮಾಡಿದವರು ಕಾಕಾಸುರ ಮಾದಪ್ಪ ಅಂತ ಹೇಳುತ್ತಾರಲ್ಲ, ಅವರ ವಂಶದವರ ಅಂಗಡಿ ಅದು. ಅಂಗಡಿ ನೋಡೋಕೆ ಚಿಕ್ಕದು, ಒಳಗೆ ಕೂರೋಕೆ ಜಾಗ ಇಲ್ಲ. ಒಂದು ತುಂಡು ಅಲ್ಲೇ ನಿಂತು ತಿನ್ನಿ, ಆಮೇಲೆ ಎಷ್ಟು ಬೇಕು ಅಂತ ಹೇಳಿ.

ದಾವಣಗೆರೆ_ಮಗಳು

ನೀವೆಲ್ಲ ಇಷ್ಟು ಬಿಡಿಸಿ ಬರೆದಿದ್ದು ನೋಡಿ ತುಂಬಾ ಖುಷಿಯಾಯಿತು. ಅಮ್ಮನಿಗೆ ಓದಿ ಹೇಳಿದೆ. ಮೆತ್ತನೆ ದೋಸೆಗೆ ಬೆಣ್ಣೆ ದೋಸೆ ಅನ್ನುತ್ತಾರಾ ಅಂತ ಕೇಳಿದರು, ಆದರೆ ತಿಂದು ನೋಡುತ್ತೇನೆ ಅಂದಿದ್ದಾರೆ. ಪಕ್ಕದವರು ಏನು ತಿಂದರೂ ಅವರಿಗೆ ತೊಂದರೆ ಇಲ್ಲ.

ಈಗ ಮಸಾಜ್ ವಿಷಯ ಯಾರಾದರೂ ಹೇಳಿ. ಅಮ್ಮನಿಗೆ ಬಿಪಿ ಮಾತ್ರೆ ಇದೆ. ಎಣ್ಣೆ ಹಚ್ಚಿಸಿಕೊಳ್ಳಬಹುದಾ? ಇಬ್ಬರಿಗೂ ಇದು ಹೊಸದು. ಹಬ್ಬದ ದಿನ ಅಜ್ಜಿ ಹರಳೆಣ್ಣೆ ಹಚ್ಚಿ ಬಿಸಿ ನೀರು ಹಾಕುತ್ತಿದ್ದದ್ದು ಬಿಟ್ಟರೆ ಬೇರೆ ಗೊತ್ತಿಲ್ಲ. ಯಾರೋ ಗೊತ್ತಿಲ್ಲದವರು ಮೈ ಮುಟ್ಟುತ್ತಾರೆ ಅಂತ ಅಮ್ಮನಿಗೆ ಸಂಕೋಚ ಬೇರೆ.

ಎಣ್ಣೆ_ಶಾಸ್ತ್ರ

ನಾನು ಆಯುರ್ವೇದ ಓದಿದವಳು, ಈಗ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನಿಮ್ಮ ಅಮ್ಮನ ಸಂಕೋಚ ಸಹಜ, ಮೊದಲ ಸಲ ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಹೀಗೇ ಆಗುತ್ತದೆ. ಒಳ್ಳೆಯ ಜಾಗದಲ್ಲಿ ಹೆಂಗಸರಿಗೆ ಹೆಂಗಸರೇ ಎಣ್ಣೆ ಹಚ್ಚುತ್ತಾರೆ, ಎಷ್ಟು ಬೇಕೋ ಅಷ್ಟು ಬಟ್ಟೆ ಮುಚ್ಚಿರುತ್ತಾರೆ. ಬುಕ್ ಮಾಡುವಾಗಲೇ ಇದನ್ನು ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಆ ಜಾಗವೇ ಬೇಡ.

ಬಿಪಿ ಇದ್ದರೂ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಅಭ್ಯಂಗ ಮಾಡಿಸಬಹುದು, ಆದರೆ ಅಲ್ಲಿನ ವೈದ್ಯರು ಮೊದಲು ಬಿಪಿ ನೋಡಬೇಕು, ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ತೋರಿಸಬೇಕು. ವೈದ್ಯರೇ ಇಲ್ಲದ ಜಾಗದಲ್ಲಿ ನಿಮ್ಮ ಅಮ್ಮನ ವಯಸ್ಸಿನವರಿಗೆ ಸ್ಟೀಮ್ ಮಾಡಿಸಬೇಡಿ. ಜ್ವರ, ನೆಗಡಿ, ಅಜೀರ್ಣ ಇದ್ದರೆ ಆ ದಿನ ಬಿಟ್ಟುಬಿಡಿ. ಊಟ ಮಾಡಿ ಕನಿಷ್ಠ ಎರಡು ಮೂರು ಗಂಟೆ ಆಗಿರಬೇಕು.

ಮಂಡಿಗೆ ಜಾನುಬಸ್ತಿ ಅಂತ ಇದೆ, ಅದನ್ನು ಕೇಳಿ. ಉದ್ದಿನ ಹಿಟ್ಟು ಕಲಸಿ ಮಂಡಿ ಸುತ್ತ ಕಟ್ಟೆ ಕಟ್ಟುತ್ತಾರೆ, ಅದರೊಳಗೆ ಬೆಚ್ಚಗಿನ ಎಣ್ಣೆ ಹುಯ್ಯುತ್ತಾರೆ, ಆರಿದ ಹಾಗೆ ತೆಗೆದು ಮತ್ತೆ ಬೆಚ್ಚಗಿನದು ಹಾಕುತ್ತಾರೆ. ಒಂದು ಸಲಕ್ಕೆ ನೋವು ವಾಸಿಯಾಗಲ್ಲ, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಆದರೆ ಆ ದಿನ ಹಿತವಾಗಿರುತ್ತದೆ. ಚಿಕ್ಕಮ್ಮನಿಗೆ ಶಿರೋಧಾರೆ ಮಾಡಿಸಿ. ಹಣೆ ಮೇಲೆ ಎಣ್ಣೆ ಸಣ್ಣಗೆ ಧಾರೆ ಬೀಳುತ್ತಿರುತ್ತದೆ, ಬಹಳ ಜನ ಅಲ್ಲೇ ನಿದ್ದೆ ಹೋಗುತ್ತಾರೆ. ಆಮೇಲೆ ಒದ್ದೆ ತಲೆಯಲ್ಲಿ ಎಸಿ ಕಾರು ಹತ್ತಬೇಡಿ, ಗಾಳಿಗೆ ನಿಲ್ಲಬೇಡಿ.

ಜಾಗ ಹೇಳಬೇಕೆಂದರೆ, ಲಲಿತಾದ್ರಿಪುರದ ಕಡೆ ಇಂಡಸ್ ವ್ಯಾಲಿ ಆಯುರ್ವೇದ ಕೇಂದ್ರ ಇದೆ, ಅಲ್ಲಿ ಉಳಿದುಕೊಂಡು ಚಿಕಿತ್ಸೆ ತೆಗೆದುಕೊಳ್ಳುವವರು ಜಾಸ್ತಿ. ಬೆಟ್ಟದ ತಪ್ಪಲಲ್ಲಿ ವಿಂಡ್‌ಫ್ಲವರ್ ಇದೆ, ಅದು ರೆಸಾರ್ಟು, ಸ್ಪಾ ಥರದ್ದು. ಎರಡೂ ಕಡೆ ಫೋನ್ ಮಾಡಿ ಹೊರಗಿನವರಿಗೆ ಒಂದು ದಿನದ ಮಟ್ಟಿಗೆ ಸಮಯ ಕೊಡುತ್ತಾರಾ, ಎಷ್ಟಾಗುತ್ತದೆ ಅಂತ ಕೇಳಿ. ಸಯ್ಯಾಜಿ ರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ, ಅಲ್ಲಿನ ಆಸ್ಪತ್ರೆ ಬಗ್ಗೆ ನಮಗೆಲ್ಲ ಗೌರವ, ಆದರೆ ಅದು ಕಾಯಿಲೆಯವರ ಜಾಗ. ಒಂದು ದಿನದ ಆರಾಮಕ್ಕೆ ಅಲ್ಲಿ ಹಾಸಿಗೆ ಕೇಳೋದು ಸರಿಯಲ್ಲ. ಅಮ್ಮನ ಮಂಡಿಗೆ ನಿಜವಾಗಿ ಚಿಕಿತ್ಸೆ ಬೇಕು ಅಂದರೆ ಆಗ ಬನ್ನಿ.

ಗಂಧದ_ಚೆಕ್ಕೆ

ಮೇಲಿನ ಡಾಕ್ಟರ್ ಹೇಳಿದ್ದು ಅಕ್ಷರಶಃ ಸರಿ. ನಾನು ನಮ್ಮತ್ತೆಯನ್ನು ಒಂದು ಹೋಟೆಲ್‌ನ ಸ್ಪಾಗೆ ಕರೆದುಕೊಂಡು ಹೋಗಿದ್ದೆ. ಏನೂ ಕೇಳಲಿಲ್ಲ, ಶುಗರ್ ಇದೆಯಾ ಬಿಪಿ ಇದೆಯಾ ಅನ್ನಲಿಲ್ಲ, ನೇರವಾಗಿ ಸ್ಟೀಮ್ ಪೆಟ್ಟಿಗೆಯಲ್ಲಿ ಕೂರಿಸಿದರು. ಅತ್ತೆಗೆ ತಲೆ ಸುತ್ತು ಬಂದು ಸಂಜೆಯೆಲ್ಲ ಮಲಗಿದ್ದರು. ಸುಮ್ನೆ ಹೊರಗಿನ ಅಲಂಕಾರ ನೋಡಿ ನಂಬಬೇಡಿ, ಮೊದಲು ವೈದ್ಯರು ಇದ್ದಾರಾ ಅಂತ ಕೇಳಿ.

ಇನ್ನೊಂದು, ಗಂಧದೆಣ್ಣೆ. ಮಾರ್ಕೆಟ್ ಒಳಗೆ ಕೆಲವರು ತಾವಾಗೇ ಬಂದು ಮಾತಾಡಿಸಿ, ಅಗರಬತ್ತಿ ಮಾಡೋದು ತೋರಿಸುತ್ತೇವೆ ಬನ್ನಿ ಅಂತ ಕರೆದುಕೊಂಡು ಹೋಗಿ ಸಣ್ಣ ಬಾಟಲಿಯಲ್ಲಿ ಅಪ್ಪಟ ಶ್ರೀಗಂಧದ ಎಣ್ಣೆ ಅಂತ ಮಾರುತ್ತಾರೆ. ಅಪ್ಪಟ ಗಂಧದೆಣ್ಣೆ ಆ ಬೆಲೆಗೆ ಬರೋಕೆ ಸಾಧ್ಯವೇ ಇಲ್ಲ. ಬೇಕಾದರೆ ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರದ ಕೆಎಸ್‌ಡಿಎಲ್ ಮಳಿಗೆಯಲ್ಲಿ ಬಿಲ್ ಸಮೇತ ಕೊಳ್ಳಿ. ಮಾನಂದವಾಡಿ ರಸ್ತೆಯಲ್ಲೇ ಗಂಧದೆಣ್ಣೆ ಕಾರ್ಖಾನೆ ಇದೆ, ನೀವು ಹೇಗೂ ಸೀರೆಗೆ ಆ ಕಡೆ ಹೋಗುತ್ತೀರಿ. ಮೊದಲನೇ ಮಹಾಯುದ್ಧ ಬಂದು ಯುರೋಪಿಗೆ ಗಂಧದ ಮರ ಕಳಿಸೋದು ನಿಂತಾಗ, ಇಲ್ಲೇ ಎಣ್ಣೆ ತೆಗೆಯೋಣ ಅಂತ 1916ರಲ್ಲಿ ಶುರು ಮಾಡಿದ್ದು, ಆಗ ವಿಶ್ವೇಶ್ವರಯ್ಯನವರು ದಿವಾನರು. ಅಮ್ಮ ಟೀಚರ್ ಅಲ್ವಾ, ಈ ಕಥೆ ಅವರಿಗೆ ಇಷ್ಟ ಆಗುತ್ತದೆ. ಸೋಪಿನ ಡಬ್ಬಿ ಊರಲ್ಲಿ ಹಂಚೋಕೆ ಒಳ್ಳೆಯ ಉಡುಗೊರೆ.

ಮರದ ಕೆತ್ತನೆ, ಬೀಟೆ ಮರದ ಇನ್ಲೇ ಕೆಲಸ ನೋಡಬೇಕಾದರೆ ಸಯ್ಯಾಜಿ ರಾವ್ ರಸ್ತೆಯ ಕಾವೇರಿ ಎಂಪೋರಿಯಂ. ಅಲ್ಲಿ ಬೆಲೆ ಬರೆದಿರುತ್ತದೆ, ಚೌಕಾಸಿ ಇಲ್ಲ, ಕಾಟವೂ ಇಲ್ಲ.

ದಾವಣಗೆರೆ_ಮಗಳು

ಹಾಗಾದರೆ ಹೀಗೆ ಮಾಡುತ್ತೇನೆ. ಶನಿವಾರ ಬೆಳಿಗ್ಗೆ ಮೈಲಾರಿ, ಅಲ್ಲಿಂದ ಸೀರೆ, ಸೋಪು. ಮಧ್ಯಾಹ್ನ ಆರ್‌ಆರ್‌ಆರ್ ಊಟ, ರೂಮಿಗೆ ಹೋಗಿ ನಿದ್ದೆ, ಸಂಜೆ ಐದಕ್ಕೆ ಎಣ್ಣೆ. ಭಾನುವಾರ ಜಿಟಿಆರ್, ಆಮೇಲೆ ಚಿಕ್ಕಮ್ಮನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾರ್ಕೆಟ್, ಮಧ್ಯಾಹ್ನ ಹನುಮಂತು ಪಲಾವ್. ಭಾನುವಾರ ಸಂಜೆ ಖಾಲಿ ಇದೆ. ಮಾರ್ಕೆಟ್‌ನಲ್ಲಿ ಅಮ್ಮ ಸುಸ್ತಾದರೆ ಕೂರೋಕೆ ಎಲ್ಲಿ ಜಾಗ ಇದೆ?

ನಜರಬಾದ್_ನಿವಾಸಿ

ಮಾರ್ಕೆಟ್ ಒಳಗೆ ಕೂರೋಕೆ ಜಾಗ ಇಲ್ಲ. ಹೂವಿನ ಸಾಲಿನಲ್ಲಿ ಏನಾದರೂ ಕೊಂಡರೆ ಅಂಗಡಿಯವರೇ ಸ್ಟೂಲ್ ಕೊಡುತ್ತಾರೆ, ಸಂಕೋಚ ಬೇಡ, ಅಮ್ಮನಿಗೆ ಮಂಡಿ ನೋವು ಅಂತ ಹೇಳಿ. ಇಲ್ಲದಿದ್ದರೆ ಆಚೆ ಬಂದು ಗಾಂಧಿ ಸ್ಕ್ವೇರ್ ಕಡೆ ಹೋದರೆ ಹೋಟೆಲ್‌ಗಳಿವೆ, ಕಾಫಿ ಕುಡಿಯುತ್ತಾ ಕೂತಿರಲಿ, ಚಿಕ್ಕಮ್ಮ ಅಲ್ಲಿಗೇ ಬರಲಿ.

ಭಾನುವಾರ ಸಂಜೆ ಖಾಲಿ ಬಿಡಬೇಡಿ. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ ಏಳರ ಸುಮಾರಿಗೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಅರಮನೆ ಬೇಡ ಅಂದಿರಿ, ಗೊತ್ತು. ಆದರೆ ಅಮ್ಮ ಅದನ್ನು ಮಕ್ಕಳ ಗಲಾಟೆ ಇಲ್ಲದೆ ನೋಡಲಿ. ಆರೂವರೆಗೇ ಹೋಗಿ, ಕೂರೋಕೆ ಜಾಗ ಹಿಡಿಯಿರಿ, ಅಮ್ಮನಿಗೆ ಶಾಲು ಒಯ್ಯಿರಿ. ಜನ ಒಟ್ಟಿಗೆ ಹೊರಡುವಾಗ ಆಟೋ ಸಿಗೋದು ಕಷ್ಟ, ಹತ್ತು ನಿಮಿಷ ತಡೆದು ಹೊರಡಿ.

ದಸರಾ ಸಮಯದಲ್ಲಿ ಮಾತ್ರ ಬರಬೇಡಿ. ಊರು ಚೆನ್ನಾಗಿರುತ್ತದೆ, ಆದರೆ ರೂಮಿನ ಬಾಡಿಗೆ ಎರಡು ಮೂರು ಪಟ್ಟು, ಎಲ್ಲ ಕಡೆ ನಿಲ್ಲಬೇಕು. ನಿಮ್ಮ ಅಮ್ಮನಿಗೆ ಬೇಕಾಗಿರೋದು ಅದಲ್ಲ.

ಊಟಕ್ಕಿಲ್ಲಿ_ಬನ್ನಿ

ಹನುಮಂತುಗೆ ಭಾನುವಾರ ಹನ್ನೆರಡರೊಳಗೆ ಹೋಗಿ. ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕೂಡ ಭಾನುವಾರವೇ ಕಟ್ಟಿಸಿಕೊಳ್ಳಿ, ಸೋಮವಾರ ಬೆಳಿಗ್ಗೆ ನೀವು ಹೊರಡೋ ಹೊತ್ತಿಗೆ ಅಂಗಡಿ ತೆಗೆದಿರುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಫ್ರಿಜ್‌ನಲ್ಲಿ ಇಡಬೇಡಿ, ತುಪ್ಪ ಗಟ್ಟಿಯಾಗಿ ರುಚಿ ಕೆಡುತ್ತದೆ, ಹೊರಗೆ ಡಬ್ಬಿಯಲ್ಲಿ ಇದ್ದರೆ ಸಾಕು.